ನಿಂತು ಕೇಳುವವರ ವಿಯೆನ್ನಾ



ಆಸ್ಟ್ರಿಯ ದೇಶದ ರಾಜಧಾನಿ ವಿಯೆನ್ನಾದಲ್ಲಿ ಹೇಡನ್, ಮೊಜಾರ್ಟ್, ಬೀಥೋವನ್, ಶೂಬರ್ಟ್ ಇವರೆಲ್ಲ ಬಾಳಿದರು, ಅಲ್ಲಿಯೇ ಕಣ್ಣು ಮುಚ್ಚಿದರು. ಇಂದಿಗೂ ಅವರ ಕೃತಿಗಳು ಆ ನಗರದ ಒಂದಲ್ಲ ಒಂದು ಕಡೆ ಕೇಳಿಬರುತ್ತಲೇ ಇರುತ್ತವೆ. ವ್ಯಾಸಂಗಕ್ಕೆಂದೋ ಉದ್ಯೋಗಕ್ಕೆಂದೋ ಯೂರೋಪಿಗೆ ಹೋಗುವ ನಮ್ಮ ಯುವಜನರು, ಧಾರ್ಮಿಕ ಸಭೆಗಳ ಸಹೋದರ ಸಹೋದರಿಯರು ಈ ನಗರಕ್ಕೂ ಒಮ್ಮೆ ಹೋಗಿಬರುವುದುಂಟು. ಆದರೆ ‘ಆ ಸಂಗೀತ ಸಿರಿವಂತರದ್ದು, ಕೋಟು ಟೈ ತೊಟ್ಟವರದ್ದು’ ಎಂದುಕೊಂಡು ಸಭಾಂಗಣದ ಮುಂದೆ ಫೋಟೋ ತೆಗೆಸಿಕೊಂಡು ಹಿಂತಿರುಗುವವರೇ ಹೆಚ್ಚು. ಕಾಲು ನೋವನ್ನು ಸಹಿಸಬಲ್ಲವನಿಗೆ ವಿಯೆನ್ನಾದ ಅತ್ಯುತ್ತಮ ಸಂಗೀತ ಅಲ್ಪ ಹಣಕ್ಕೆ ಸಿಗುತ್ತದೆ, ಕೆಲವೊಮ್ಮೆ ಹಣವೇ ಇಲ್ಲದೆ ಸಿಗುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಮೊದಲು ಸ್ಟೇಟ್ ಒಪೆರಾ, ಅಂದರೆ ಗೀತನಾಟಕಗಳ ರಂಗಮಂದಿರವನ್ನು ನೋಡೋಣ. 1869ರಲ್ಲಿ ಮೊಜಾರ್ಟನ ‘ಡಾನ್ ಜಿಯೊವಾನಿ’ಯೊಂದಿಗೆ ತೆರೆದ ಈ ಕಟ್ಟಡ 1945ರ ಮಾರ್ಚ್ 12ರ ಬಾಂಬ್ ದಾಳಿಯಲ್ಲಿ ಬಹುಪಾಲು ಸುಟ್ಟುಹೋಯಿತು. ಹತ್ತು ವರ್ಷಗಳ ನಂತರ, 1955ರ ನವೆಂಬರ್ 5ರಂದು, ಬೀಥೋವನನ ‘ಫಿಡೆಲಿಯೊ’ದೊಂದಿಗೆ ಮತ್ತೆ ತೆರೆಯಿತು. ಅನ್ಯಾಯವಾಗಿ ಸೆರೆಯಲ್ಲಿದ್ದವನು ಬಿಡುಗಡೆ ಹೊಂದುವ ಕಥೆ ಅದು. ಆ ವರ್ಷವೇ ಪರದೇಶದ ಸೈನ್ಯಗಳು ಆಸ್ಟ್ರಿಯವನ್ನು ಬಿಟ್ಟು ಹೊರಟಿದ್ದವು. ಒಳಗೆ ಜಾಗ ಸಿಗದವರು ಬೀದಿಯಲ್ಲಿ ನಿಂತು ಧ್ವನಿವರ್ಧಕದಲ್ಲಿ ಕೇಳಿದರು.

ನಿಂತು ಕೇಳುವ ಪದ್ಧತಿ ಅಲ್ಲಿ ಇಂದಿಗೂ ಇದೆ. ನಿಲ್ಲುವ ಸ್ಥಳಕ್ಕೆ ಜರ್ಮನ್ ಭಾಷೆಯಲ್ಲಿ ‘ಶ್ಟೇಪ್ಲಾಟ್ಸ್’ ಎನ್ನುತ್ತಾರೆ. ಪ್ರದರ್ಶನದ ದಿನವೇ ಮಾರುವ ಈ ಟಿಕೆಟ್ಟಿನ ಬೆಲೆ ಒಳ್ಳೆಯ ಆಸನದ ಬೆಲೆಯ ಒಂದು ಸಣ್ಣ ಪಾಲು ಮಾತ್ರ. ಒಳಗೆ ಹೋದವರು ತಮ್ಮ ಜಾಗದ ಮುಂದಿನ ಕಂಬಿಗೆ ಮಫ್ಲರನ್ನು ಕಟ್ಟಿ ಗುರುತು ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆಯೇ! ಕೆಳ ಅಂತಸ್ತಿನ ನಿಲ್ಲುವ ಸ್ಥಳವಿರುವುದು ಹಿಂದೆ ಚಕ್ರವರ್ತಿ ಕೂರುತ್ತಿದ್ದ ಮಧ್ಯದ ಬಾಲ್ಕನಿಯ ಸರಿಯಾಗಿ ಕೆಳಗೆ. ಚಕ್ರವರ್ತಿ ಕಂಡದ್ದೇ ವಿದ್ಯಾರ್ಥಿಗೂ ಕಾಣುತ್ತದೆ.

ಇನ್ನೊಂದು ವಿಷಯ ತಿಳಿದಿರಲಿ. ಲೋಕಪ್ರಸಿದ್ಧವಾದ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಸದಸ್ಯರು ಬೇರೆ ಯಾರೂ ಅಲ್ಲ, ಇದೇ ಒಪೆರಾದ ವಾದಕರು. ಒಪೆರಾದಲ್ಲಿ ಕನಿಷ್ಠ ಮೂರು ವರ್ಷ ನುಡಿಸಿದವರನ್ನೇ ಅಲ್ಲಿ ಸೇರಿಸಿಕೊಳ್ಳುತ್ತಾರೆ. ಫಿಲ್‌ಹಾರ್ಮೋನಿಕ್ ಕಚೇರಿಗಳ ಟಿಕೆಟ್ ಸಿಗುವುದು ಬಹಳ ಕಷ್ಟ. ಆದರೆ ಅದೇ ಪಿಟೀಲುಗಳನ್ನು ಒಪೆರಾದಲ್ಲಿ ನಿಂತು ಕೇಳಬಹುದು, ಭಾನುವಾರ ಪೂಜೆಯಲ್ಲಿಯೂ ಕೇಳಬಹುದು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಆ ವಾದ್ಯವೃಂದದ ಮನೆ ‘ಮೂಸಿಕ್‌ಫೆರೈನ್’. 1870ರ ಜನವರಿಯಲ್ಲಿ ತೆರೆದ ಈ ಕಟ್ಟಡದ ಶಿಲ್ಪಿ ಥಿಯೋಫಿಲ್ ಹಾನ್ಸೆನ್. ಅದರ ‘ಚಿನ್ನದ ಸಭಾಂಗಣ’ ಸುಮಾರು 49 ಮೀಟರ್ ಉದ್ದ, 19 ಮೀಟರ್ ಅಗಲ, 18 ಮೀಟರ್ ಎತ್ತರವಿದ್ದು ದೊಡ್ಡದೊಂದು ಪೆಟ್ಟಿಗೆಯಂತಿದೆ. ನೆಲದ ಕೆಳಗೆ ಟೊಳ್ಳು. ಒಳಮಾಳಿಗೆ ಗೋಡೆಗಳ ಮೇಲೆ ಕೂತಿಲ್ಲ, ಮೇಲಿನಿಂದ ತೂಗುಬಿದ್ದಿದೆ. ಹೀಗಾಗಿ ವೀಣೆಯ ಬುರುಡೆಯಂತೆ ಇಡೀ ಕೋಣೆಯೇ ನಾದಕ್ಕೆ ಮಿಡಿಯುತ್ತದೆ. ಸಭಾಂಗಣದಲ್ಲಿ ನಾದ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿ ವಾಲೆಸ್ ಸೇಬಿನ್ ಲೆಕ್ಕ ಹಾಕಿ ತೋರಿಸಿದ್ದು ಇದಾಗಿ ಸುಮಾರು ಮೂರು ದಶಕಗಳ ನಂತರ. ಹಾನ್ಸೆನ್ ಕಟ್ಟಿದ್ದು ಕಿವಿಯ ಅನುಭವ ಮತ್ತು ಅಂದಾಜಿನ ಮೇಲೆ. ಇಲ್ಲಿಯೂ 1,700ಕ್ಕೂ ಹೆಚ್ಚು ಆಸನಗಳ ಹಿಂದೆ ಸುಮಾರು 300 ಮಂದಿಗೆ ನಿಲ್ಲುವ ಸ್ಥಳವಿದೆ. ವೇದಿಕೆ ಅರ್ಧಂಬರ್ಧ ಕಾಣಬಹುದು. ನಾದಕ್ಕೆ ಕೊರತೆಯಿಲ್ಲ.

ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ 1954ರಲ್ಲಿ ಸಂಗೀತ ಕಲಿಯಲು ಬಂದದ್ದು ಈ ನಗರಕ್ಕೇ. ದೊಡ್ಡ ನಿರ್ದೇಶಕರು ತಾಲೀಮು ನಡೆಸುವುದನ್ನು ನೋಡಬೇಕೆಂಬ ಆಸೆಯಿಂದ ಅವರೂ ಸಹಪಾಠಿ ಕ್ಲೌದಿಯೊ ಅಬ್ಬಾದೊ ಅವರೂ ಗಾನವೃಂದಕ್ಕೆ ಸೇರಿ ಮಂದ್ರಸ್ವರದಲ್ಲಿ ಹಾಡಿದರು. ಅದೇ ಮೆಹ್ತಾ 1990ರಿಂದ 2015ರವರೆಗೆ ಐದು ಬಾರಿ ಚಿನ್ನದ ಸಭಾಂಗಣದ ಹೊಸ ವರ್ಷದ ಕಚೇರಿಯನ್ನು ನಿರ್ದೇಶಿಸಿದರು.

ಇನ್ನು ಚಪ್ಪಾಳೆಯ ವಿಷಯ. ನಮ್ಮ ಕಚೇರಿಗಳಲ್ಲಿ ತೊಡೆಯ ಮೇಲೆ ತಾಳ ಹಾಕುತ್ತೇವೆ, ‘ಭಲೇ’ ಎನ್ನುತ್ತೇವೆ. ಅಲ್ಲಿ ಅದು ನಡೆಯುವುದಿಲ್ಲ. ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು ಭಾಗಗಳು; ಭಾಗಗಳ ನಡುವೆ ವಾದ್ಯ ನಿಂತರೂ ಕೈತಟ್ಟಬಾರದು. ನಿರ್ದೇಶಕನ ಕೈ ಪೂರ್ತಿ ಕೆಳಗಿಳಿಯುವವರೆಗೆ ಕಾಯಬೇಕು. ಇದು ಸನಾತನ ನಿಯಮವೇನಲ್ಲ. 1778ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಸಿಂಫನಿಯ ನಡುವೆಯೇ ಜನರು ಕೈತಟ್ಟಿದರೆಂದು ಮೊಜಾರ್ಟ್ ಹಿಗ್ಗಿ ತಂದೆಗೆ ಪತ್ರ ಬರೆದಿದ್ದ. ಆದರೂ ಅತಿಥಿಗಳಾಗಿ ಹೋದವರು ಮನೆಯವರ ರೀತಿಗೆ ಹೊಂದಿಕೊಳ್ಳುವುದೇ ಲೇಸು. ದಪ್ಪ ಕೋಟನ್ನು ಹೊರಗೆ ಇಟ್ಟುಹೋಗುವುದೂ ಆ ರೀತಿಯ ಒಂದು ಭಾಗ. ಮತ್ತೊಂದು ಎಚ್ಚರಿಕೆ: ಪ್ರಧಾನಾಲಯದ ಸುತ್ತಮುತ್ತ ಬಿಳಿ ವಿಗ್ ತೊಟ್ಟು ಮೊಜಾರ್ಟನ ವೇಷದಲ್ಲಿ ಟಿಕೆಟ್ ಮಾರುವವರಿದ್ದಾರೆ. ಅವರು ಮಾರುವುದು ಪ್ರವಾಸಿಗರಿಗೆಂದೇ ಏರ್ಪಡಿಸಿದ ಕಾರ್ಯಕ್ರಮ. ಅದರ ಅರ್ಧ ಹಣದಲ್ಲಿ ಒಪೆರಾದಲ್ಲಿ ನಿಲ್ಲಬಹುದು.

ಈಗ ದೇವಾಲಯಗಳಿಗೆ ಬರೋಣ. ನನ್ನ ಮಟ್ಟಿಗೆ ವಿಯೆನ್ನಾದ ಸಂಗೀತದ ತಿರುಳು ಇರುವುದು ಇಲ್ಲಿಯೇ. ಹೇಡನ್ ಬಾಲಕನಾಗಿ ಹಾಡಿದ್ದು ಸಂತ ಸ್ತೇಫನರ ಪ್ರಧಾನಾಲಯದ ಗಾನವೃಂದದಲ್ಲಿ. ಶೂಬರ್ಟ್ 1808ರಿಂದ ಧ್ವನಿ ಒಡೆಯುವವರೆಗೆ ಹಾಡಿದ್ದು ಅರಮನೆಯ ಪೂಜಾಮಂದಿರದಲ್ಲಿ. ಅರಮನೆಯ ಆ ಗಾನವೃಂದವನ್ನು ಒಂದನೆಯ ಮ್ಯಾಕ್ಸಿಮಿಲಿಯನ್ 1498ರಲ್ಲಿ ಸ್ಥಾಪಿಸಿದ. ಇಂದಿಗೂ ಸೆಪ್ಟೆಂಬರಿನಿಂದ ಜೂನ್‌ವರೆಗೆ ಭಾನುವಾರ ಬೆಳಿಗ್ಗೆ 9.15ಕ್ಕೆ ಅಲ್ಲಿ ವಿಯೆನ್ನಾ ಬಾಲಕರ ಗಾನವೃಂದ ಹಾಡುತ್ತದೆ, ಒಪೆರಾದ ಅದೇ ವಾದಕರು ನುಡಿಸುತ್ತಾರೆ. ಆಸನಗಳಿಗೆ ಟಿಕೆಟ್ ಇದೆ; ಶುಲ್ಕವಿಲ್ಲದೆ ನಿಲ್ಲುವ ಕೆಲವು ಜಾಗಗಳೂ ಇವೆ. ಗಾಯಕರು ಮೇಲಿನ ಗ್ಯಾಲರಿಯಲ್ಲಿ ಇರುವುದರಿಂದ ಹೆಚ್ಚಿನವರಿಗೆ ಕಾಣುವುದಿಲ್ಲ. ಕಣ್ಣು ಪೀಠದ ಕಡೆಗೇ ಉಳಿಯುತ್ತದೆ. ಇದು ಒಳ್ಳೆಯದೇ.

ಪೂಜೆಯಲ್ಲೇ ಏಕೆ ಕೇಳಬೇಕು? ಒಂದು ಉದಾಹರಣೆ ಕೊಡುತ್ತೇನೆ. ಹೇಡನನ ‘ಯುದ್ಧಕಾಲದ ಪೂಜಾಸಂಗೀತ’ ಮೊದಲು ಕೇಳಿಬಂದದ್ದು 1796ರ ಡಿಸೆಂಬರ್ 26ರಂದು, ಸಂತ ಸ್ತೇಫನರ ಹಬ್ಬದ ದಿನ, ವಿಯೆನ್ನಾದ ಪಿಯಾರಿಸ್ಟ್ ಸಭೆಯ ದೇವಾಲಯದಲ್ಲಿ, ಒಬ್ಬ ನವಗುರುವಿನ ಪ್ರಥಮ ಬಲಿಪೂಜೆಯಲ್ಲಿ. ಆಗ ನೆಪೋಲಿಯನ್ನನ ಸೈನ್ಯ ಇಟಲಿಯಲ್ಲಿ ಆಸ್ಟ್ರಿಯನ್ನರನ್ನು ಸೋಲಿಸುತ್ತಾ ಮುಂದೊತ್ತುತ್ತಿತ್ತು. ‘ಆಗ್ನುಸ್ ದೇಯಿ’ಯಲ್ಲಿ, ದೇವರ ಕುರಿಮರಿಯನ್ನು ಬೇಡುವ ಆ ಮೆಲುದನಿಯ ಅಡಿಯಲ್ಲಿ, ಯುದ್ಧದ ನಗಾರಿ ಗುಡುಗತೊಡಗುತ್ತದೆ. ಸಭಾಂಗಣದಲ್ಲಿ ಇದು ‘ಬೆನೆದಿಕ್ತುಸ್’ ಮುಗಿದ ಮರುಕ್ಷಣ ಶುರುವಾಗುತ್ತದೆ. ಕೇಳುಗನಿಗೆ ಅದೊಂದು ಸೊಗಸಾದ ಚಮತ್ಕಾರ. ಪೂಜೆಯಲ್ಲಿ ಹಾಗಲ್ಲ. ಪರಲೋಕ ಪ್ರಾರ್ಥನೆ ಆಗಿದೆ, ನೆರೆಯವರ ಕೈ ಹಿಡಿದು ಶಾಂತಿಯನ್ನು ಕೋರಿ ಆಗಿದೆ, ರೊಟ್ಟಿ ಮುರಿಯುತ್ತಿದೆ. ಆಗ ಆ ನಗಾರಿ! ಈಗಷ್ಟೇ ಕೋರಿದ ಶಾಂತಿ ಎಷ್ಟು ನಾಜೂಕಾದದ್ದು ಎಂದು ಮೈ ನಡುಗುತ್ತದೆ. ಆಮೇಲೆ ಜನರೆದ್ದು ಪರಮಪ್ರಸಾದಕ್ಕೆ ನಡೆಯುತ್ತಾರೆ.

ಆಕ್ಷೇಪಣೆಗಳೂ ಇಲ್ಲದಿಲ್ಲ. ಹತ್ತು ನಿಮಿಷದ ‘ಗ್ಲೋರಿಯಾ’ ಹಾಡುತ್ತಿದ್ದರೆ ಭಕ್ತಾದಿಗಳು ಏನು ಮಾಡಬೇಕು? ಹಾಡಿಗಾಗಿ ಗುರುವನ್ನು ಪೀಠದ ಬಳಿ ಕಾಯಿಸಬಾರದೆಂದು ಜಗದ್ಗುರು ಹತ್ತನೆಯ ಪಯಸ್‌ರವರು 1903ರಲ್ಲೇ ಹೇಳಿದ್ದರು. 1963ರಲ್ಲಿ ವ್ಯಾಟಿಕನ್ ಮಹಾಸಭೆ ಸಂಗೀತದ ಈ ನಿಧಿಯನ್ನು ಕಾಪಾಡಿರಿ ಎಂದಿತು, ಭಕ್ತಜನರು ಸಕ್ರಿಯವಾಗಿ ಭಾಗವಹಿಸಲಿ ಎಂದೂ ಹೇಳಿತು. ಎರಡನ್ನೂ ಒಂದೇ ಭಾನುವಾರ ಪೂರೈಸುವುದು ಸುಲಭವಲ್ಲ. ಕಿವಿಗೊಟ್ಟು ಕೇಳುವುದೂ ಭಾಗವಹಿಸುವಿಕೆಯೇ ಎಂಬುದು ನನ್ನ ಅಭಿಪ್ರಾಯ, ಆದರೆ ಪ್ರತಿ ವಾರವೂ ಅದೊಂದೇ ಸಾಲದು. ಇನ್ನು ನಗರದ ಕೆಲವು ದೇವಾಲಯಗಳಲ್ಲಿ ಸಂಜೆ ಟಿಕೆಟ್ ಇಟ್ಟು ಕಚೇರಿ ನಡೆಸುತ್ತಾರೆ. ದೇವಾಲಯದಲ್ಲಿ ಕಚೇರಿ ನಡೆದರೆ ಪ್ರವೇಶ ಉಚಿತವಾಗಿರಲಿ ಎಂದು ರೋಮ್ 1987ರಲ್ಲಿ ಬರೆದದ್ದು ನನಗಂತೂ ಸರಿ ಕಾಣುತ್ತದೆ.

ಒಂದೇ ಒಂದು ಭಾನುವಾರ ಸಿಗುವುದಾದರೆ ಸಂತ ಅಗಸ್ತೀನರ ದೇವಾಲಯಕ್ಕೆ ಹೋಗಿ. ಬ್ರೂಕ್ನರ್ 1872ರಲ್ಲಿ ತನ್ನ ಎಫ್ ಮೈನರ್ ಪೂಜಾಸಂಗೀತವನ್ನು ಮೊದಲ ಬಾರಿಗೆ ನಿರ್ದೇಶಿಸಿದ್ದು ಅಲ್ಲಿಯೇ. ಬೆಳಿಗ್ಗೆ 11ರ ಪೂಜೆಗೆ ವಾದ್ಯವೃಂದವಿರುತ್ತದೆ, ಟಿಕೆಟ್ ಇರುವುದಿಲ್ಲ. ಅರ್ಧ ಗಂಟೆ ಮುಂಚೆ ಹೋದರೆ ಬೆಂಚಿನಲ್ಲಿ ಜಾಗ ಸಿಗಬಹುದು. ಪ್ರವಚನ ಜರ್ಮನ್ ಭಾಷೆಯಲ್ಲಿ, ಅಷ್ಟು ಹೊತ್ತು ಕಾಲಿಗೆ ವಿಶ್ರಾಂತಿ ಎಂದುಕೊಳ್ಳಿ. ಕನ್ನಡದ ಪೂಜಾ ಪುಸ್ತಕ ಜೊತೆಗಿದ್ದರೆ ಲತೀನಿನ ಪ್ರತಿ ಮಾತನ್ನೂ ಹಿಂಬಾಲಿಸಬಹುದು.