ಕಾಡಿಗೆ ಹೊರಡುವವರ ಚೀಲದಲ್ಲಿ ಏನಿರಬೇಕು?

1990ರ ದಶಕದ ಆರಂಭದಲ್ಲಿ ನಾನು ಮಲೆನಾಡಿನ ಉಪವಿಭಾಗವೊಂದರಲ್ಲಿ ಅಧಿಕಾರಿಯಾಗಿದ್ದೆ. ಜುಲೈ ತಿಂಗಳ ಒಂದು ಸಂಜೆ, ಬೆಟ್ಟ ಹತ್ತಲು ಹೋದ ಮೂವರು ಕಾಲೇಜು ವಿದ್ಯಾರ್ಥಿಗಳು ಮರಳಿಲ್ಲವೆಂಬ ಸುದ್ದಿ ಬಂತು. ಪೊಲೀಸರು, ಅರಣ್ಯ ಸಿಬ್ಬಂದಿ ಮತ್ತು ಊರಿನವರು ರಾತ್ರಿಯಿಡೀ ಹುಡುಕಿದ ಮೇಲೆ, ಮರುದಿನ ಬೆಳಿಗ್ಗೆ ಹಳ್ಳದ ಪಕ್ಕದ ಬಂಡೆಯೊಂದರ ಬುಡದಲ್ಲಿ ಅವರು ಸಿಕ್ಕಿದರು. ಒಬ್ಬನ ಮೈ ತಣ್ಣಗಾಗಿ ಮಾತು ತೊದಲುತ್ತಿತ್ತು. ನಮ್ಮೊಡನಿದ್ದ ವಯಸ್ಸಾದ ರೈತರೊಬ್ಬರು ಅವನ ಒದ್ದೆ ಬಟ್ಟೆ ಬಿಚ್ಚಿಸಿ ತಮ್ಮ ಕಂಬಳಿ ಹೊದಿಸಿದರು. ಇನ್ನೊಬ್ಬರ ಕಂಬಳಿಯನ್ನು ಎರಡು ಗಳುಗಳಿಗೆ ಕಟ್ಟಿ, ಅದರಲ್ಲಿ ಅವನನ್ನು ಮಲಗಿಸಿ ಕೆಳಗೆ ಹೊತ್ತು ತಂದರು. ಹುಡುಗ ಬದುಕಿದ.

ಅವರ ಚೀಲಗಳನ್ನು ಬಿಚ್ಚಿದಾಗ ಹಲವು ಅಲಗುಗಳ ಪುಟ್ಟ ಚಾಕು, ದಿಕ್ಸೂಚಿ, ಎರಡು ಸಣ್ಣ ಟಾರ್ಚು, ಮುಲಾಮು, ಸೂಜಿ-ದಾರ, ಬಿಸ್ಕತ್ತು ಎಲ್ಲವೂ ಇದ್ದವು. ಟವೆಲ್ಲಿಗಿಂತ ದೊಡ್ಡದಾದ ಬಟ್ಟೆ ಮಾತ್ರ ಇರಲಿಲ್ಲ. "ಚೀಲದ ತುಂಬ ಸಾಮಾನಿದೆ ಸ್ವಾಮಿ, ಹೊದೆಯೋಕೆ ಒಂದು ಬಟ್ಟೆ ಇಲ್ಲ" ಎಂದರು ಆ ರೈತರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಆ ಮಾತಿನಲ್ಲಿ ಪಠ್ಯಪುಸ್ತಕದ ಸಾರವೇ ಕಂಡಿತು. ಬೆನ್ನು ಹೊರಬಲ್ಲ ಭಾರವೇ ಚಾರಣಿಗನ ಆಯವ್ಯಯ. ಒಂದು ವಸ್ತುವನ್ನು ಆರಿಸಿಕೊಳ್ಳುವುದೆಂದರೆ ಇನ್ನೊಂದನ್ನು ಬಿಟ್ಟುಕೊಡುವುದು. ಎರಡನೆಯ ಟಾರ್ಚಿನ ಸೀಮಾಂತ ತುಷ್ಟಿಗುಣ ಮೊದಲನೆಯದಕ್ಕಿಂತ ಬಹಳ ಕಡಿಮೆ. ಮೊದಲ ಹೊದಿಕೆಯ ತುಷ್ಟಿಗುಣವಾದರೋ ಜೀವದಷ್ಟೇ ಬೆಲೆಯುಳ್ಳದ್ದು.

ನಮ್ಮ ಬೆಟ್ಟಗಳಲ್ಲಿ ಹಿಮ ಬೀಳುವುದಿಲ್ಲವೆಂಬ ಧೈರ್ಯ ಅನೇಕರಿಗಿದೆ. ಆದರೆ ಒದ್ದೆ ಬಟ್ಟೆ, ಗಾಳಿ, ದಣಿವು ಮೂರೂ ಕೂಡಿದರೆ ಹತ್ತು-ಹದಿನೈದು ಡಿಗ್ರಿಯ ಹವೆಯಲ್ಲೂ ಶರೀರದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಹುದು. ವೈದ್ಯರು ಇದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಆಹಾರವಿಲ್ಲದೆ ಮನುಷ್ಯ ವಾರಗಳನ್ನೇ ಕಳೆಯಬಲ್ಲ; ಆಸರೆಯಿಲ್ಲದೆ ಮಳೆಗಾಳಿಯಲ್ಲಿ ಕೆಲವೇ ಗಂಟೆ. ಆದ್ದರಿಂದ ಚೀಲಕ್ಕೆ ಮೊದಲು ಸೇರಬೇಕಾದದ್ದು ಬಿಸ್ಕತ್ತಲ್ಲ, ಮೈ ಮುಚ್ಚುವ ವಸ್ತು.

ವಸ್ತುಗಳ ಆಯ್ಕೆಗೆ ಎರಡು ಪ್ರಶ್ನೆಗಳು ಸಾಕು. ಇದರಿಂದ ಎಷ್ಟು ಕೆಲಸ ಆದೀತು? ಕಾಡಿನಲ್ಲಿ ಇದನ್ನು ನಾನೇ ಮಾಡಿಕೊಳ್ಳಬಲ್ಲೆನೆ? ದೊಡ್ಡದನ್ನು ಮಡಿಸಿ, ಕತ್ತರಿಸಿ ಚಿಕ್ಕದು ಮಾಡಬಹುದು. ಚಿಕ್ಕದನ್ನು ದೊಡ್ಡದು ಮಾಡಲಾಗದು. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಹಗುರ ಟಾರ್ಪಾಲು ಮಾಡಾಗುತ್ತದೆ, ನೆಲಹಾಸಾಗುತ್ತದೆ, ಮಳೆನೀರು ಹಿಡಿಯುವ ತೊಟ್ಟಿಯಾಗುತ್ತದೆ, ಗಾಯಾಳುವನ್ನು ಹೊರುವ ಜೋಲಿಯೂ ಆಗುತ್ತದೆ. ಎರಡು ಲೀಟರ್ ಹಿಡಿಯುವ ಮುಚ್ಚಳದ ಸ್ಟೀಲ್ ಪಾತ್ರೆ ನೀರು ಕುದಿಸಲು, ಅಡುಗೆಗೆ, ನೀರು ತರಲು ಒದಗುತ್ತದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಈ ಎತ್ತರದಲ್ಲಿ ನೀರು ಒಂದು ನಿಮಿಷ ಚೆನ್ನಾಗಿ ಕುದಿದರೆ ರೋಗಾಣುಗಳು ಸಾಯುತ್ತವೆ. ಇವೆರಡಕ್ಕೆ ಹದಿನೈದು ಮೀಟರ್ ಗಟ್ಟಿ ಹಗ್ಗ ಸೇರಿದರೆ ಅರ್ಧ ಸಿದ್ಧತೆ ಮುಗಿಯಿತು.

ಈ ತತ್ವ ಹೊಸದೇನಲ್ಲ. ಅಂಟಾರ್ಕ್ಟಿಕಾ ಯಾತ್ರೆಗೆ ಹೊರಟ ಅರ್ನೆಸ್ಟ್ ಶ್ಯಾಕಲ್ಟನ್‌ನ ಹಡಗು 1915ರಲ್ಲಿ ಮಂಜುಗಡ್ಡೆಗೆ ಸಿಲುಕಿ ಮುಳುಗಿತು. ನೆರವು ತರಲು ಅವನು ಐವರೊಡನೆ ಸಣ್ಣ ದೋಣಿಯಲ್ಲಿ ಹೊರಟ ಮೇಲೆ, ಎಲಿಫೆಂಟ್ ದ್ವೀಪದಲ್ಲಿ ಉಳಿದ 22 ಮಂದಿ ಇನ್ನೆರಡು ದೋಣಿಗಳನ್ನು ಕವುಚಿ ಅದರಡಿ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಬಾಳಿದರು. 1916ರ ಆಗಸ್ಟ್ 30ರಂದು ಅವರೆಲ್ಲರನ್ನೂ ಜೀವಂತ ಪಾರುಮಾಡಲಾಯಿತು. ಅವರನ್ನು ದಡ ಮುಟ್ಟಿಸಿದ ದೋಣಿಗಳೇ ಅವರ ಮನೆಯಾದವು. ನಮ್ಮ ಕುರುಬರ ಕಂಬಳಿಯೂ ಇದೇ ಜಾತಿಯದು. ಹಾಸಿಗೆ, ಹೊದಿಕೆ, ಮಳೆಗೆ ಕೊಪ್ಪೆ ಎಲ್ಲವೂ ಅದೇ. ಒದ್ದೆಯಾದರೆ ಅದು ಭಾರವೆಂಬುದು ನಿಜ. ಆದರೆ ನೆನೆದ ಉಣ್ಣೆ ನೆನೆದ ಹತ್ತಿಗಿಂತ ಹೆಚ್ಚು ಬೆಚ್ಚಗಿರುತ್ತದೆ.

ಎಲ್ಲವನ್ನೂ ಒಂದೇ ವಸ್ತುವಿಗೆ ಒಪ್ಪಿಸಿದರೆ, ಅದು ಕಳೆದಾಗ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿ ಬೆಂಕಿಪೊಟ್ಟಣ, ಸೀಟಿ, ಟಾರ್ಚುಗಳನ್ನು ಜೇಬಿನಲ್ಲಿ ಪ್ರತ್ಯೇಕವಾಗಿಡಬೇಕು. ಸಣ್ಣ ವಸ್ತುಗಳು ದೊಡ್ಡವಕ್ಕೆ ಪೂರಕವಾಗಿರಲಿ, ಬದಲಿಯಾಗದಿರಲಿ. ಮತ್ತೆ, ಮಚ್ಚು ಬಹೂಪಯೋಗಿಯೆಂದು ಹೊತ್ತೊಯ್ಯುವವರು ಕಾನೂನನ್ನು ಮರೆಯಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಆಯುಧದ ವ್ಯಾಖ್ಯೆಯಲ್ಲಿ ಚಾಕುವೂ ಸೇರಿದೆ. ಅರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದೂ ಅಪರಾಧ. ಕಡಿಯಲೂ ಉರಿಸಲೂ ಆಗದೆಡೆಯಲ್ಲಿ ಟಾರ್ಪಾಲಿನ ಬೆಲೆ ಇನ್ನಷ್ಟು ಹೆಚ್ಚು.

2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಉಂಟಾದ ಜನದಟ್ಟಣೆಯ ಬಳಿಕ ಸರ್ಕಾರ ಚಾರಣಿಗರ ಸಂಖ್ಯೆಯನ್ನು ನಿಯಂತ್ರಿಸಿ, ಆನ್‌ಲೈನ್ ಮೂಲಕ ಮುಂಗಡ ಕಾಯ್ದಿರಿಸುವ ವ್ಯವಸ್ಥೆ ಮಾಡಿತು. ಸ್ವಾಗತಾರ್ಹ ಕ್ರಮ. ಚೀಟಿಯನ್ನೂ ಪ್ಲಾಸ್ಟಿಕ್ಕನ್ನೂ ತಪಾಸಣೆ ಮಾಡುವ ದ್ವಾರದಲ್ಲಿ, "ರಾತ್ರಿ ಉಳಿಯಬೇಕಾಗಿ ಬಂದರೆ ಏನು ಹೊದೆಯುತ್ತೀರಿ?" ಎಂಬ ಒಂದು ಪ್ರಶ್ನೆಯನ್ನೂ ಕೇಳುವುದು ಒಳ್ಳೆಯದು. ಇದಕ್ಕೆ ಅನುದಾನವೂ ಬೇಡ, ಹೊಸ ಹುದ್ದೆಯೂ ಬೇಡ. ಉತ್ತರ ತಿಳಿಯದೆ ಒಬ್ಬನಾದರೂ ಹಿಂದಿರುಗಿದರೆ, ಒಂದು ರಾತ್ರಿಯ ಹುಡುಕಾಟವಾದರೂ ತಪ್ಪೀತು.