ನೀರು ನಿಂತ ಗದ್ದೆಯ ಮಣ್ಣು

ಮಳೆಯನ್ನೇ ನಂಬಿದ ಎತ್ತರದ ಬೆಟ್ಟುಗದ್ದೆ, ಇಳಿಜಾರಿನ ನಡುವಣ ಮಜಲುಗದ್ದೆ, ಕಣಿವೆಯ ತಳದಲ್ಲಿ ಏಣೇಲು, ಸುಗ್ಗಿ, ಕೊಳಕೆಯೆಂಬ ಮೂರು ಬೆಳೆಗಳಿಗೂ ತೇವವನ್ನು ಕಾಯ್ದಿಡಬಲ್ಲ ಬೈಲುಗದ್ದೆ ಎಂದು ದಕ್ಷಿಣ ಕನ್ನಡದ ಒಕ್ಕಲಿಗರು ಮಾಡಿಕೊಂಡ ವಿಭಾಗವು, ಪ್ರಯೋಗಶಾಲೆಯ ನೆರವಿಲ್ಲದೆ ರೂಪುಗೊಂಡದ್ದಾದರೂ, ಭತ್ತದ ಭೂಮಿಯನ್ನು ಪರೀಕ್ಷಿಸುವವರು ಮೊದಲು ಕೇಳಬೇಕಾದ ಪ್ರಶ್ನೆಯನ್ನೇ, ಎಂದರೆ ನೀರು ಎಲ್ಲಿಂದ ಬಂದು, ಎಷ್ಟು ಕಾಲ ನಿಂತು, ಎತ್ತ ಹೋಗುತ್ತದೆಂಬುದನ್ನೇ, ಆಧಾರವಾಗಿ ಹೊಂದಿದೆ.

ಬೇಸಗೆಯಲ್ಲಿ ಅಗೆದು ತಂದ ಒಣಮಣ್ಣು ಇದಕ್ಕೆ ಪೂರ್ಣವಾದ ಉತ್ತರವನ್ನು ಕೊಡಲಾರದು. ಹುಣಿ ಕಟ್ಟಿ ನೀರು ನಿಲ್ಲಿಸಿದ ಒಂದೆರಡು ದಿನಗಳಲ್ಲಿಯೇ ಸೂಕ್ಷ್ಮಜೀವಿಗಳು ಮಣ್ಣಿನೊಳಗಿನ ಆಮ್ಲಜನಕವನ್ನು ಮುಗಿಸಿ, ಬಳಿಕ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್ ಎಂಬ ಕ್ರಮದಲ್ಲಿ ಒಂದೊಂದನ್ನೇ ಉಸಿರಾಟಕ್ಕೆ ಆಶ್ರಯಿಸುತ್ತವೆ. ಕಟ್ಟಕಡೆಗೆ ಮೀಥೇನ್ ಹುಟ್ಟುತ್ತದೆ. ಹುಳಿಮಣ್ಣು ಕೆಲವು ವಾರಗಳಲ್ಲಿ ತಾನಾಗಿಯೇ ತನ್ನ ಆಮ್ಲತೆಯನ್ನು ಕಳೆದುಕೊಂಡು ತಟಸ್ಥಸ್ಥಿತಿಯ ಸಮೀಪಕ್ಕೆ ಬರುವುದೂ, ಕಬ್ಬಿಣದೊಡನೆ ಬಂಧಿತವಾಗಿದ್ದ ರಂಜಕವು ಬಿಡುಗಡೆ ಹೊಂದಿ ಬೇರಿಗೆ ಎಟುಕುವುದೂ ಈ ಪರಿವರ್ತನೆಯ ಫಲವೇ. ಫಿಲಿಪೈನ್ಸ್ ದೇಶದಲ್ಲಿ 1960ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಪೊನ್ನಂಪೆರುಮ ಎಂಬ ವಿಜ್ಞಾನಿಯು ಇದನ್ನು ದೀರ್ಘಕಾಲ ಅಭ್ಯಸಿಸಿ, 1972ರಲ್ಲಿ ವಿಸ್ತಾರವಾಗಿ ನಿರೂಪಿಸಿದರು. ಇದನ್ನು ಕಡೆಗಣಿಸಿ ಒಣಮಣ್ಣಿನ ಅಂಕಿಗಳಿಂದಲೇ ಗದ್ದೆಗೆ ಗೊಬ್ಬರವನ್ನು ಗೊತ್ತುಮಾಡುವುದು ಒಕ್ಕಲಿಗನಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ರಂಜಕವನ್ನು ಒದಗಿಸಿದ ಆ ಕಬ್ಬಿಣವೇ ಮಿತಿಮೀರಿದಾಗ ವಿಷವಾಗುತ್ತದೆ. ಮುರಕಲ್ಲಿನ ಗುಡ್ಡಗಳಿಂದ ಒಸರಿ ಇಳಿಯುವ ನೀರು ಬುಡದ ಗದ್ದೆಯಲ್ಲಿ ಹರಿವಿಲ್ಲದೆ ತಂಗಿದೆಡೆ, ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ಬಣ್ಣಬಣ್ಣದ ಕೆನೆ ತೋರುವುದುಂಟು. ಕಡ್ಡಿಯಿಂದ ಕಲಕಿದಾಗ ಎಣ್ಣೆಯು ಮರಳಿ ಕೂಡಿಕೊಂಡರೆ, ಕಬ್ಬಿಣದ ಕೆನೆಯು ಚೂರುಚೂರಾಗಿ ಒಡೆಯುತ್ತದೆ. ಭತ್ತದ ಗಿಡವು ತನ್ನೊಳಗಿನ ಗಾಳಿನಾಳಗಳ ಮೂಲಕ ಬೇರಿಗೆ ಆಮ್ಲಜನಕವನ್ನು ಇಳಿಸಿ, ಕಬ್ಬಿಣವನ್ನು ಬೇರಿನ ಹೊರಮೈಯಲ್ಲಿಯೇ ಕೆಂಗಂದು ಲೇಪವಾಗಿ ತಡೆಯುವುದು ಪ್ರಕೃತಿಯ ಅದ್ಭುತವಾದ ವ್ಯವಸ್ಥೆ. ಆದರೆ ಪೊಟ್ಯಾಷಿನ ಕೊರತೆಯಿಂದ ಬೇರು ದುರ್ಬಲವಾದೆಡೆ ಈ ರಕ್ಷೆಯು ಕುಗ್ಗಿ, ಎಲೆಯ ತುದಿಯಿಂದ ಕಂದುಚುಕ್ಕೆಗಳು ಹಬ್ಬತೊಡಗುತ್ತವೆ. ಇದಕ್ಕೆ ಪರಿಹಾರವಾಗಿ ಗುಡ್ಡದ ಬುಡದಲ್ಲಿ ಕಾಲುವೆ ತೋಡಿ ಒಸರುನೀರನ್ನು ಬೇರೆಡೆಗೆ ತಿರುಗಿಸಬೇಕು; ಪೊಟ್ಯಾಷನ್ನೂ ಅಗತ್ಯವಿದ್ದಲ್ಲಿ ಸುಣ್ಣವನ್ನೂ ಒದಗಿಸಿ, ತೆಂಡೆಯೊಡೆಯುವ ಕಾಲದಲ್ಲಿ ನೀರನ್ನು ಕೆಲವು ದಿನ ಬಸಿದು ಮಣ್ಣಿಗೆ ಗಾಳಿಯಾಡಗೊಡಬೇಕು.

ಸಾರಜನಕದ ವಿಷಯದಲ್ಲಿಯೂ ಗಾಳಿಯ ಈ ಅಭಾವವನ್ನು ಮರೆಯಲಾಗದು. ನೈಟ್ರೇಟ್ ರೂಪದ ಗೊಬ್ಬರವು ಕೆಸರಿನಲ್ಲಿ ಅನಿಲವಾಗಿ ಹಾರಿಹೋಗುವುದರಿಂದ ಅಮೋನಿಯಮ್ ರೂಪದ್ದೇ ಲೇಸು. ಅದನ್ನೂ ನಿಂತ ನೀರಿನ ಮೇಲೆ ಎರಚದೆ ಕೆಸರಿನ ಆಳಕ್ಕೆ ಸೇರಿಸಬೇಕು. ಹಸಿರೆಲೆಗೊಬ್ಬರವನ್ನಾದರೋ ನೇಜಿ ನೆಡುವುದಕ್ಕೆ ಸಾಕಷ್ಟು ಮುಂಚೆಯೇ ಮಣ್ಣಿನಲ್ಲಿ ತುಳಿದು ಕೊಳೆಯಿಸುವುದು ಅವಶ್ಯ.