ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಎಷ್ಟು ವರ್ಷಕ್ಕೊಮ್ಮೆ ಬೇಕು? ಮುಂಬೈ, ಉಸ್ಮಾನಾಬಾದ್ ಅಧ್ಯಯನಗಳು ಹೇಳಿದ್ದೇನು?

ಮುಂಬೈ: ಮಾಟುಂಗದಲ್ಲಿ ಸ್ಲೋ ಲೋಕಲ್ ಹತ್ತಿದರೆ ದಾದರ್ ಬಿಟ್ಟು ಮುಂದಿನ ನಿಲ್ದಾಣವೇ ಪರೇಲ್. ದೇಶದ ಹೆಸರಾಂತ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್ ಇರುವುದು ಅಲ್ಲೇ. ಮಾಟುಂಗ, ಸಯಾನ್, ಧಾರಾವಿಯ ಕನ್ನಡ ಕುಟುಂಬಗಳಿಗೆ ಈ ಆಸ್ಪತ್ರೆಯ ಹೆಸರು ಹೊಸದೇನಲ್ಲ. ಊರಿನಿಂದ ಚಿಕಿತ್ಸೆಗೆ ಬಂದ ನೆಂಟರ ಜೊತೆ ಅಲ್ಲಿಗೆ ಹೋಗಿ ಬಂದವರು ಇದ್ದಾರೆ. ಆದರೆ ಯಾವ ತೊಂದರೆಯೂ ಇಲ್ಲದಿರುವಾಗ, ತಮಗಾಗಿ ತಪಾಸಣೆ ಮಾಡಿಸಿಕೊಳ್ಳಲು ಹೋಗುವ ಮಹಿಳೆಯರು ವಿರಳ.

ಇದು ಮುಂಬೈಗಷ್ಟೇ ಸೀಮಿತವಾದ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರ ಪೈಕಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ಶೇ 1.9ರಷ್ಟು ಮಾತ್ರ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ಕ್ಯಾನ್ಸರ್ ಪತ್ತೆಯಾಗಿದ್ದು, ಸುಮಾರು 80 ಸಾವಿರ ಮಂದಿ ಮೃತಪಟ್ಟಿದ್ದಾರೆ.

ಹಾಗಾದರೆ ತಪಾಸಣೆ ಎಷ್ಟು ವರ್ಷಕ್ಕೊಮ್ಮೆ ಬೇಕು? ಯಾವ ಪರೀಕ್ಷೆ ಮಾಡಿಸುತ್ತೀರಿ ಎಂಬುದರ ಮೇಲೆ ಇದಕ್ಕೆ ಉತ್ತರ ನಿಂತಿದೆ.

ಪ್ರತಿ ವರ್ಷ ಏಕೆ ಬೇಡ?

ಗರ್ಭಕೋಶದ ಬಾಯಿಯ ಭಾಗವೇ ಗರ್ಭಕಂಠ. ಇಲ್ಲಿನ ಕ್ಯಾನ್ಸರ್‌ಗೆ ಬಹುತೇಕ ಎಲ್ಲ ಪ್ರಕರಣಗಳಲ್ಲೂ ಎಚ್‌ಪಿವಿ ಎಂಬ ವೈರಸ್ ಕಾರಣ. ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ತೀರಾ ಸಾಮಾನ್ಯ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಜೀವಕೋಶಗಳನ್ನು ನಿಧಾನವಾಗಿ ಬದಲಿಸುತ್ತದೆ. ಈ ಬದಲಾವಣೆ ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷ ಸಾಕು.

ಅಂದರೆ ಕಾಯಿಲೆಯನ್ನು ಹಿಡಿಯಲು ಸಾಕಷ್ಟು ಸಮಯವಿದೆ. ಪ್ರತಿ ವರ್ಷ ಪರೀಕ್ಷೆ ಮಾಡಿದರೆ, ತಾನಾಗಿಯೇ ವಾಸಿಯಾಗಬಹುದಾದ ಸೋಂಕುಗಳೂ ಕಣ್ಣಿಗೆ ಬಿದ್ದು ಅನಗತ್ಯ ಆತಂಕ, ಅನಗತ್ಯ ಚಿಕಿತ್ಸೆಗೆ ದಾರಿಯಾಗುತ್ತದೆ. ತೀರಾ ತಡವಾದರೆ ಕಾಯಿಲೆ ಕೈಮೀರುತ್ತದೆ. ಇವೆರಡರ ನಡುವಿನ ಅಂತರವನ್ನು ಕಂಡುಕೊಳ್ಳುವುದೇ ತಜ್ಞರ ಮುಂದಿದ್ದ ಪ್ರಶ್ನೆ.

ಮುಂಬೈ ಕೊಳೆಗೇರಿಗಳಲ್ಲಿ ನಡೆದಿದ್ದೇನು?

ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ.ಸುರೇಂದ್ರ ಶಾಸ್ತ್ರಿ ನೇತೃತ್ವದ ತಂಡ 1998ರಲ್ಲಿ ಮುಂಬೈನ ಕೊಳೆಗೇರಿಗಳಲ್ಲಿ ದೊಡ್ಡ ಅಧ್ಯಯನವೊಂದನ್ನು ಆರಂಭಿಸಿತು. 35ರಿಂದ 64 ವರ್ಷದ ಸುಮಾರು 1.5 ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸುತ್ತು ವಿಐಎ ಪರೀಕ್ಷೆ. ಇನ್ನೊಂದು ಗುಂಪಿಗೆ ರೋಗಲಕ್ಷಣಗಳ ಬಗ್ಗೆ ತಿಳಿವಳಿಕೆ ಮಾತ್ರ.

ವಿಐಎ ಪರೀಕ್ಷೆ ಬಹಳ ಸರಳ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಹತ್ತಿಯಿಂದ ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾದು ನೋಡುತ್ತಾರೆ. ಕ್ಯಾನ್ಸರ್‌ಪೂರ್ವ ಬದಲಾವಣೆ ಇದ್ದ ಜಾಗ ಬೆಳ್ಳಗಾಗುತ್ತದೆ. ಲ್ಯಾಬ್ ಬೇಡ, ವರದಿಗೆ ಕಾಯಬೇಕಿಲ್ಲ. ಮುಂಬೈನಲ್ಲಿ ಈ ಪರೀಕ್ಷೆ ಮಾಡಿದವರು ವೈದ್ಯರಲ್ಲ, ಹತ್ತನೇ ತರಗತಿ ಓದಿ ನಾಲ್ಕು ವಾರ ತರಬೇತಿ ಪಡೆದ ಮಹಿಳಾ ಕಾರ್ಯಕರ್ತೆಯರು.

12 ವರ್ಷಗಳ ಬಳಿಕ ಲೆಕ್ಕ ಹಾಕಿದಾಗ, ಪರೀಕ್ಷೆಗೊಳಗಾದ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದಾದ ಸಾವು ಶೇ 31ರಷ್ಟು ಕಡಿಮೆಯಾಗಿತ್ತು. ಇದನ್ನು ದೇಶದಾದ್ಯಂತ ಜಾರಿಗೆ ತಂದರೆ ವರ್ಷಕ್ಕೆ 22 ಸಾವಿರ ಜೀವ ಉಳಿಸಬಹುದು ಎಂದು ತಂಡ ಅಂದಾಜಿಸಿತು. ಇನ್ನೊಂದು ಗುಂಪಿನ ಮಹಿಳೆಯರಿಗೆ ವರ್ಷಗಟ್ಟಲೆ ತಪಾಸಣೆ ಮಾಡದೆ ಬಿಟ್ಟದ್ದು ಸರಿಯೇ ಎಂಬ ಟೀಕೆಯೂ ಕೇಳಿಬಂತು.

ಉಸ್ಮಾನಾಬಾದ್‌ನಲ್ಲಿ ಒಂದೇ ಒಂದು ಪರೀಕ್ಷೆ

ಬೀದರ್, ಕಲಬುರಗಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲೂ ಇಂಥದ್ದೇ ಅಧ್ಯಯನ ನಡೆಯಿತು. 30ರಿಂದ 59 ವರ್ಷದ 1,31,746 ಮಹಿಳೆಯರನ್ನು ನಾಲ್ಕು ಗುಂಪು ಮಾಡಿ ಎಚ್‌ಪಿವಿ ಪರೀಕ್ಷೆ, ಪ್ಯಾಪ್ ಸ್ಮಿಯರ್ ಮಾದರಿಯ ಜೀವಕೋಶ ಪರೀಕ್ಷೆ, ವಿಐಎ ಮೂರನ್ನೂ ಹೋಲಿಸಿ ನೋಡಲಾಯಿತು. ನಾಲ್ಕನೇ ಗುಂಪಿಗೆ ತಪಾಸಣೆ ಇರಲಿಲ್ಲ.

2009ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆ ಮಾಡಿದ್ದರಿಂದ ಸಾವಿನ ಪ್ರಮಾಣ ಅರ್ಧದಷ್ಟು ಇಳಿದಿತ್ತು. ಉಳಿದೆರಡು ಪರೀಕ್ಷೆಗಳನ್ನು ಒಮ್ಮೆ ಮಾತ್ರ ಮಾಡಿದಾಗ ಸಾವಿನಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಜೀವಕೋಶ ಪರೀಕ್ಷೆ ಅಥವಾ ವಿಐಎಯಲ್ಲಿ ‘ತೊಂದರೆ ಇಲ್ಲ’ ಎಂದು ಬಂದವರಲ್ಲಿ ಮುಂದೆ ಕ್ಯಾನ್ಸರ್ ಕಾಣಿಸಿಕೊಂಡ ಪ್ರಮಾಣ, ಎಚ್‌ಪಿವಿ ನೆಗೆಟಿವ್ ಬಂದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಿತ್ತು.

ಎಚ್‌ಪಿವಿ ನೆಗೆಟಿವ್ ಎಂಬ ಫಲಿತಾಂಶ ಹೆಚ್ಚು ವರ್ಷ ಭರವಸೆ ಕೊಡುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ವಿಐಎ ಮತ್ತು ಪ್ಯಾಪ್ ಸ್ಮಿಯರ್ ಮಾಡಿಸುವವರು ಬೇಗ ಮತ್ತೆ ಬರಬೇಕು.

ಹಾಗಾದರೆ ಯಾರಿಗೆ, ಎಷ್ಟು ವರ್ಷಕ್ಕೊಮ್ಮೆ?

ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೀಗಿದೆ:

- ಎಚ್‌ಪಿವಿ ಪರೀಕ್ಷೆ: 30 ವರ್ಷದಿಂದ ಆರಂಭಿಸಿ 5ರಿಂದ 10 ವರ್ಷಕ್ಕೊಮ್ಮೆ.
- ವಿಐಎ ಅಥವಾ ಪ್ಯಾಪ್ ಸ್ಮಿಯರ್: ಎಚ್‌ಪಿವಿ ಪರೀಕ್ಷೆ ಲಭ್ಯವಿಲ್ಲದ ಕಡೆ 3 ವರ್ಷಕ್ಕೊಮ್ಮೆ.
- ಎಚ್‌ಐವಿ ಇರುವವರು: 25 ವರ್ಷದಿಂದಲೇ ಆರಂಭ, ಎಚ್‌ಪಿವಿ ಪರೀಕ್ಷೆಯಾದರೆ 3ರಿಂದ 5 ವರ್ಷಕ್ಕೊಮ್ಮೆ.
- 50 ದಾಟಿದ ಮೇಲೆ: ಸರಿಯಾದ ಅಂತರದಲ್ಲಿ ಸತತ ಎರಡು ಬಾರಿ ನೆಗೆಟಿವ್ ಬಂದಿದ್ದರೆ ನಿಲ್ಲಿಸಬಹುದು.

ಕೇಂದ್ರ ಆರೋಗ್ಯ ಸಚಿವಾಲಯದ 2016ರ ಮಾರ್ಗಸೂಚಿಯು 30ರಿಂದ 65 ವರ್ಷದ ಮಹಿಳೆಯರಿಗೆ 5 ವರ್ಷಕ್ಕೊಮ್ಮೆ ವಿಐಎ ಮಾಡಬೇಕು ಎನ್ನುತ್ತದೆ. ಇದು ಇಡೀ ದೇಶದ ಸರ್ಕಾರಿ ವ್ಯವಸ್ಥೆಗೆ ನಿಗದಿಪಡಿಸಿದ ಅಂತರ. ಮೂರು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳುವ ಅನುಕೂಲ ಇದ್ದವರು ಹಾಗೆಯೇ ಮಾಡಿಸುವುದು ಒಳ್ಳೆಯದು. ಮುಟ್ಟು ನಿಂತ ಮೇಲೆ ಗರ್ಭಕಂಠದ ಬದಲಾವಣೆ ಬರಿಗಣ್ಣಿಗೆ ಕಾಣುವುದು ಕಷ್ಟ. ಹಾಗಾಗಿ ಆ ವಯಸ್ಸಿನವರಿಗೆ ಎಚ್‌ಪಿವಿ ಪರೀಕ್ಷೆಯೇ ಹೆಚ್ಚು ಸೂಕ್ತ.

ಈ ಅಂಶಗಳನ್ನು ಮರೆಯಬೇಡಿ

ಎಚ್‌ಪಿವಿ ಲಸಿಕೆ ಹಾಕಿಸಿಕೊಂಡವರಿಗೂ ತಪಾಸಣೆ ಬೇಕು. ಏಕೆಂದರೆ ಕ್ಯಾನ್ಸರ್ ತರುವ ಎಲ್ಲ ಬಗೆಯ ಎಚ್‌ಪಿವಿಯನ್ನೂ ಲಸಿಕೆ ತಡೆಯುವುದಿಲ್ಲ.

ಪಾಸಿಟಿವ್ ಬಂದರೆ ಕ್ಯಾನ್ಸರ್ ಇದೆ ಎಂದರ್ಥವಲ್ಲ. ಆದರೆ ವೈದ್ಯರು ಹೇಳಿದ ಮುಂದಿನ ಪರೀಕ್ಷೆಯನ್ನು ತಪ್ಪಿಸಬಾರದು. ಕ್ಯಾನ್ಸರ್‌ಪೂರ್ವ ಹಂತದಲ್ಲೇ ಸಿಕ್ಕರೆ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಉಳಿಯುವ ಅಗತ್ಯವಿಲ್ಲದೆ ಚಿಕಿತ್ಸೆ ಮುಗಿಯುತ್ತದೆ.

ಲೈಂಗಿಕ ಸಂಪರ್ಕದ ನಂತರ, ಮುಟ್ಟಿನ ನಡುವೆ ಅಥವಾ ಮುಟ್ಟು ನಿಂತ ಮೇಲೆ ರಕ್ತಸ್ರಾವ ಆದರೆ, ದುರ್ವಾಸನೆಯ ಬಿಳಿಸೆರಗು ಇದ್ದರೆ ಈ ವರ್ಷಗಳ ಲೆಕ್ಕ ಅನ್ವಯಿಸುವುದಿಲ್ಲ. ಹಿಂದಿನ ವರದಿ ನೆಗೆಟಿವ್ ಇದ್ದರೂ ತಡ ಮಾಡದೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು.

ವೈದ್ಯರ ಮುಂದೆ ಪರೀಕ್ಷೆಗೆ ಸಂಕೋಚಪಡುವವರಿಗೆ ಇನ್ನೊಂದು ದಾರಿಯಿದೆ. ಎಚ್‌ಪಿವಿ ಪರೀಕ್ಷೆಗೆ ಮಹಿಳೆಯೇ ತನ್ನ ಮಾದರಿಯನ್ನು ತೆಗೆದುಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಒಪ್ಪಿದೆ. ಈ ಸೌಲಭ್ಯ ಇದೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿ ನೋಡಿ.

35 ವರ್ಷದೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ ಉತ್ತಮ ಗುಣಮಟ್ಟದ ಪರೀಕ್ಷೆ ಶೇ 70ರಷ್ಟು ಮಹಿಳೆಯರಿಗೆ ಆಗಬೇಕು ಎಂಬುದು 2030ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟುಕೊಂಡಿರುವ ಗುರಿ. ನೂರರಲ್ಲಿ ಇಬ್ಬರೂ ತಪಾಸಣೆ ಮಾಡಿಸದ ದೇಶಕ್ಕೆ ಇದು ದೂರದ ಮಾತು. ಮನೆಯಲ್ಲಿ 30 ದಾಟಿದ ಅಮ್ಮ, ಅಕ್ಕ, ಅತ್ತಿಗೆ ಯಾರೇ ಇರಲಿ, ಎಷ್ಟು ವರ್ಷಕ್ಕೊಮ್ಮೆ ಎನ್ನುವ ಮೊದಲು ಅವರು ಒಮ್ಮೆಯಾದರೂ ಮಾಡಿಸಿದ್ದಾರೆಯೇ ಎಂದು ಕೇಳಿ. ಇಲ್ಲವೆಂದರೆ ಮೊದಲ ಪರೀಕ್ಷೆಗೆ ಈಗಲೇ ದಿನ ಗೊತ್ತುಮಾಡಿ.